ಭೀಮನಕೋಣೆಯಲ್ಲಿ ಬಣ್ಣ ಕುದಿಯುವಾಗ

ಶಿವಮೊಗ್ಗಕ್ಕೆ ಬಂದ ನೆಂಟರನ್ನು ನಾವು ಕರೆದೊಯ್ಯುವ ದಾರಿ ಹೆಚ್ಚುಕಡಿಮೆ ಗೊತ್ತಾದದ್ದೇ ಆಗಿರುತ್ತದೆ. ಸಾಗರ ರಸ್ತೆಯಲ್ಲಿ ತ್ಯಾವರೆಕೊಪ್ಪದ ಹುಲಿ-ಸಿಂಹಧಾಮ, ಮುಂದೆ ಜೋಗ, ಪುರುಸೊತ್ತಿದ್ದರೆ ಸಿಗಂದೂರು. ಈ ಸಲ ಬೆಂಗಳೂರಿನಿಂದ ಬಂದಿದ್ದ ಅತ್ತಿಗೆಯನ್ನು ಸಾಗರದಲ್ಲಿ ಹೆದ್ದಾರಿ ಬಿಡಿಸಿ, ಹೆಗ್ಗೋಡಿನ ಹತ್ತಿರದ ಭೀಮನಕೋಣೆಗೆ ಕರೆದುಕೊಂಡು ಹೋದೆ.

ಹೆಗ್ಗೋಡು ಎಂದೊಡನೆ ನೆನಪಾಗುವುದು ನೀನಾಸಮ್. 1949ರಲ್ಲಿ ಊರಿನವರು ಕೂಡಿ ಕಟ್ಟಿದ ಈ ನಾಟಕ ಸಂಘವೂ, ಅದನ್ನು ಬೆಳೆಸಿ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದ ಕೆ.ವಿ. ಸುಬ್ಬಣ್ಣನವರೂ ಕನ್ನಡಿಗರಿಗೆ ಹೊಸಬರಲ್ಲ. ಅಷ್ಟಾಗಿ ಪ್ರಚಾರ ಪಡೆಯದಿರುವುದು ಅಲ್ಲಿಯೇ ಪಕ್ಕದಲ್ಲಿರುವ ‘ಚರಕ’. ರಂಗಕರ್ಮಿ ಪ್ರಸನ್ನ ಅವರು ತೊಂಬತ್ತರ ದಶಕದಲ್ಲಿ ಸುತ್ತಲಿನ ಹಳ್ಳಿಗಳ ಹೆಂಗಸರನ್ನು ಸೇರಿಸಿ ಹುಟ್ಟುಹಾಕಿದ ಈ ಮಹಿಳಾ ಸಹಕಾರ ಸಂಘದಲ್ಲಿ ನೂಲಿಗೆ ಬಣ್ಣ ಕಟ್ಟುವುದರಿಂದ ಹಿಡಿದು ಜುಬ್ಬಾ ಹೊಲಿಯುವವರೆಗಿನ ಕೆಲಸ ಊರಿನವರ ಕೈಯಲ್ಲೇ ನಡೆಯುತ್ತದೆ. ಇಲ್ಲಿ ತಯಾರಾದದ್ದು ‘ದೇಸಿ’ ಅಂಗಡಿಗಳಲ್ಲಿ ಮಾರಾಟವಾಗುತ್ತದೆ.

ನನಗೆ ಎಷ್ಟು ನೋಡಿದರೂ ಸಾಲದೆನಿಸುವುದು ಬಣ್ಣದ ಮನೆ. ಮಲೆನಾಡಿನಲ್ಲಿ ಹಸಿ ಅಡಿಕೆಯನ್ನು ಸುಲಿದು ಹಂಡೆಯಲ್ಲಿ ಬೇಯಿಸಿದಾಗ ನೀರಿಗೆ ಇಳಿಯುವ ಒಗರು ಮತ್ತೆ ಮತ್ತೆ ಕುದಿದು ಗಟ್ಟಿಯಾದರೆ ಅದೇ ಚೊಗರು. ಅಡಿಕೆಗೆ ಹೊಳಪು ಬರಲೆಂದು ಒಂದಿಷ್ಟನ್ನು ಬಳಸಿದ ಮೇಲೂ ಉಳಿಯುವ ಈ ಕೆಂಗಂದು ದ್ರವ ಅಂಗಿಗೆ ಬಿದ್ದರೆ ಏನು ಮಾಡಿದರೂ ಹೋಗದೆಂಬುದು ಕೊಯ್ಲಿನ ಕಾಲದಲ್ಲಿ ಅಡಿಕೆ ಚಪ್ಪರದಡಿ ಓಡಾಡಿದವರಿಗೆಲ್ಲ ಗೊತ್ತು. ಅಮ್ಮಂದಿರು ಬೈದುಕೊಂಡು ಉಜ್ಜುತ್ತಿದ್ದ ಆ ಕಲೆಯನ್ನೇ ಇಲ್ಲಿ ಬೇಕೆಂದು ನೂಲಿಗೆ ಹಿಡಿಸುತ್ತಾರೆ. ಚೊಗರಿನಲ್ಲಿರುವ ಟ್ಯಾನಿನ್ ಎಂಬ ಒಗರಿನ ಅಂಶ ಹತ್ತಿಯ ಎಳೆಯನ್ನು ಗಟ್ಟಿಯಾಗಿ ಹಿಡಿಯುವುದರಿಂದ ಬಣ್ಣ ಸುಲಭವಾಗಿ ಬಿಡುವುದಿಲ್ಲ. ಪಟಿಕ ಸೇರಿಸಿದರೆ ಒಂದು ಛಾಯೆ. ಕಬ್ಬಿಣದ ಅಂಶ ತಗುಲಿಸಿದರೆ ಅದೇ ನೂಲು ಬೂದಿಗೂ ಕಪ್ಪಿಗೂ ತಿರುಗುತ್ತದೆ. ನಾವು ಹೋದಾಗ ನಡುವಯಸ್ಸಿನ ಹೆಂಗಸೊಬ್ಬರು ಬಿಸಿ ಹಂಡೆಯಿಂದ ನೂಲಿನ ಲಡಿಯನ್ನು ಕೋಲಿನಲ್ಲಿ ಎತ್ತಿ, ಹಿಂಡಿ, ಮತ್ತೆ ತಿರುಗಿಸಿ ಅದ್ದುತ್ತಿದ್ದರು. ಲಡಿಯ ಒಂದು ಮಗ್ಗುಲು ಹೆಚ್ಚು ಹೊತ್ತು ಮುಳುಗಿದ್ದರೆ ಬಣ್ಣ ಪಟ್ಟೆ ಪಟ್ಟೆಯಾಗುತ್ತದೆ. ಆದ್ದರಿಂದ ಕೈ ನಿಲ್ಲಿಸುವಂತಿಲ್ಲ.

“ಹೋದ ವರ್ಷ ತಗೊಂಡ ಸೀರೆಯ ಬಣ್ಣವೇ ಬೇಕಿತ್ತಲ್ಲಾ” ಎಂದು ಅತ್ತಿಗೆ ಕೇಳಿದರು. “ಅದೇ ಬಣ್ಣ ಹೇಗೆ ಬರ್ತದೆ ಅಕ್ಕಾ? ಚೊಗರು ಒಂದೊಂದು ಮನೇದು ಒಂದೊಂದು ಥರ. ಹತ್ತಿರ ಹತ್ತಿರ ಬರ್ತದೆ ಅಷ್ಟೇ” ಎಂದು ಆಕೆ ಹಂಡೆಯಿಂದ ಕಣ್ಣು ತೆಗೆಯದೆಯೇ ಉತ್ತರಿಸಿದರು.

ಆ ಕಣ್ಣು ತೆಗೆಯದಿರುವುದೇ ಈ ಜಾಗದ ಬಗ್ಗೆ ನನಗಿರುವ ಗೌರವಕ್ಕೆ ಕಾರಣ. ಕೀನ್ಯಾದ ಮಸಾಯಿ ಮಾರಾದಂಥ ಅಭಯಾರಣ್ಯಗಳ ಅಂಚಿನಲ್ಲಿ ಮಸಾಯಿ ಜನರ ಹಟ್ಟಿಗಳು ಪ್ರವಾಸಿಗರಿಗೆ ತೆರೆದಿರುತ್ತವೆ; ಹಣ ಕೊಟ್ಟು ಒಳಹೊಕ್ಕವರು ನೆಗೆತದ ಕುಣಿತವನ್ನೂ ಮಣಿಸರಗಳನ್ನೂ ನೋಡಿ ಬರುತ್ತಾರೆ. ಅದನ್ನು ಹಗುರವಾಗಿ ಕಾಣುವುದು ತಪ್ಪು, ಏಕೆಂದರೆ ಆ ಹಣ ಒಂದಷ್ಟು ಮನೆಗಳ ಒಲೆ ಉರಿಸುತ್ತದೆ. ಆದರೆ ನೋಡುವವರಿಲ್ಲದ ದಿನ ಆ ಕುಣಿತ ನಿಲ್ಲುತ್ತದೆಯೇ ಎಂಬ ಪ್ರಶ್ನೆ ಉಳಿಯುತ್ತದೆ. ಭೀಮನಕೋಣೆಯಲ್ಲಿ ಯಾರು ಬಂದರೂ ಬಾರದಿದ್ದರೂ ಮಗ್ಗದಲ್ಲಿ ಲಾಳಿ ಓಡುತ್ತಿರುತ್ತದೆ, ನೂಲಿನ ಕಂಡಿಕೆ ಸುತ್ತುವವರು ಮಾತಾಡುತ್ತಲೇ ಸುತ್ತುತ್ತಿರುತ್ತಾರೆ. ನಾವು ದಾರಿಗೆ ಅಡ್ಡವಾಗದಂತೆ ಪಕ್ಕದಲ್ಲಿ ನಿಂತು ನೋಡಬೇಕು.

ನಮ್ಮಲ್ಲೂ ಅಭಯಾರಣ್ಯ ದೂರವಿಲ್ಲ. 1972ರಲ್ಲಿ ಘೋಷಿತವಾದ ಶರಾವತಿ ಕಣಿವೆ ಅಭಯಾರಣ್ಯವನ್ನು 2019ರಲ್ಲಿ ವಿಸ್ತರಿಸಿ ಸಿಂಗಳೀಕಗಳ ಹೆಸರಿನಲ್ಲಿ ಮರುನಾಮಕರಣ ಮಾಡಲಾಯಿತು. ಅದಕ್ಕೂ ಮೊದಲೇ, 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟೆಯ ಹಿನ್ನೀರಿನಲ್ಲಿ ಊರು, ಗದ್ದೆ, ತೋಟ ಕಳೆದುಕೊಂಡ ಕುಟುಂಬಗಳು ಜಿಲ್ಲೆಯ ಉದ್ದಗಲಕ್ಕೂ ಚದುರಿದವು. ಅವರ ಭೂಮಿಯ ಹಕ್ಕಿನ ತಕರಾರು ಇಂದಿಗೂ ಪೂರ್ತಿ ಬಗೆಹರಿದಿಲ್ಲ. ಸಿಂಗಳೀಕ ಉಳಿಯಬೇಕೆಂಬುದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಕಾಡಂಚಿನ ಹೆಂಗಸಿಗೆ ‘ಕಾಡು ಮುಟ್ಟಬೇಡ’ ಎಂದು ಹೇಳುವವರು, ಮನೆಯಿಂದ ನಡೆದುಹೋಗುವಷ್ಟು ದೂರದಲ್ಲಿ ಆಕೆಗೊಂದು ದುಡಿಮೆ ಇದೆಯೇ ಎಂದೂ ಕೇಳಬೇಕಾಗುತ್ತದೆ. ಆ ದುಡಿಮೆಗೆ ಬೇಕಾದ ಬಣ್ಣ ತೋಟದ ಉಳಿಕೆಯಿಂದಲೇ ಸಿಕ್ಕುವುದು ಇನ್ನೂ ಒಳ್ಳೆಯದು.

ಈ ಸೀಮೆಯ ದೀವರ ಸಮುದಾಯದ ಹೆಣ್ಣುಮಕ್ಕಳು ಗೋಡೆಗೆ ಬರೆಯುವ ಹಸೆ ಚಿತ್ತಾರವೂ ಇಂಥದೇ ಅರಿವಿನಿಂದ ಬಂದದ್ದು. ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳಿ, ಹುರಿದು ಕಪ್ಪಾಗಿಸಿದ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ, ಕುಂಚಕ್ಕೆ ಪುಂಡಿ ನಾರು. ಈಗ ಅದು ಬಟ್ಟೆ, ಬುಟ್ಟಿ, ಚೌಕಟ್ಟು ಹಾಕಿದ ಚಿತ್ರಗಳಿಗೂ ಬಂದಿದೆ. ಗೋಡೆಯ ಚಿತ್ತಾರಕ್ಕೆ ಮದುವೆಯ ಹಾಡು ಜೊತೆಗಿರುತ್ತದೆ, ಚೌಕಟ್ಟಿನದಕ್ಕೆ ಇರುವುದಿಲ್ಲ ಎಂಬುದು ನನ್ನ ಸಣ್ಣ ಕೊರಗು.

ಇನ್ನು ದುಡ್ಡಿನ ಮಾತು. ಕೈಮಗ್ಗದ ಬಟ್ಟೆ ತುಟ್ಟಿಯೆಂದು ಅತ್ತಿಗೆಯೂ ಗೊಣಗಿದರು. ಮಿಲ್ಲಿನ ಬಟ್ಟೆಯೊಂದಿಗೆ ಬೆಲೆಯಲ್ಲಿ ಪೈಪೋಟಿ ಮಾಡಲಾಗದ್ದರಿಂದಲೇ ಕೈಉತ್ಪನ್ನಗಳಿಗೆ ಜಿಎಸ್‌ಟಿ ಬೇಡವೆಂದು ಪ್ರಸನ್ನ 2017ರಲ್ಲಿ ಸತ್ಯಾಗ್ರಹಕ್ಕೆ ಕೂತಿದ್ದರು. 2020ರಲ್ಲಿ ಕೊರೋನಾದಿಂದ ಮಾರಾಟ ನಿಂತಾಗ ಚರಕ ತನ್ನ ಕಷ್ಟವನ್ನು ಸಾರ್ವಜನಿಕವಾಗಿಯೇ ಹೇಳಿಕೊಂಡಿತ್ತು. ಮಗ್ಗದ ಮುಂದೆ ಒಂದರ್ಧ ಗಂಟೆ ನಿಂತ ಮೇಲೆ ಚೌಕಾಸಿ ಮಾಡಲು ನಾಲಿಗೆ ಏಳುವುದಿಲ್ಲ. ಅತ್ತಿಗೆ ಕೊನೆಗೆ ಕೆಂಗಂದು ಬಣ್ಣದ್ದೊಂದು ಸೀರೆ, ಅಣ್ಣನಿಗೊಂದು ಜುಬ್ಬಾ ತೆಗೆದುಕೊಂಡರು. ಹೋಗಬೇಕೆನ್ನುವವರು ಅಡಿಕೆ ಕೊಯ್ಲಿನ ಕಾಲವನ್ನು ಆರಿಸಿಕೊಳ್ಳಿ, ಸಂಜೆ ನೀನಾಸಮ್‌ನಲ್ಲಿ ನಾಟಕವಿದೆಯೇ ಎಂದು ಮೊದಲೇ ವಿಚಾರಿಸಿಕೊಳ್ಳಿ, ಉಳಿಯುವ ವ್ಯವಸ್ಥೆಯನ್ನು ಸಾಗರದಲ್ಲಿ ಮಾಡಿಕೊಳ್ಳಿ. ಕೆಲಸ ಮಾಡುವವರ ಫೋಟೋ ತೆಗೆಯುವ ಮುನ್ನ ಅವರನ್ನೊಂದು ಮಾತು ಕೇಳಿ.