ತಣ್ಣಗಿನ ಎಂಜಿನ್ನಿಗೆ ಬೆಳಿಗ್ಗೆಗೊಂದೇ ಪ್ರಶ್ನೆ

2025 ಜನವರಿ 12, ಭಾನುವಾರ

ರಾತ್ರಿಯಿಡೀ ನಿಂತ ಬೈಕನ್ನು ಬೆಳಿಗ್ಗೆ ಮೊದಲ ಬಾರಿ ಸ್ಟಾರ್ಟ್ ಮಾಡಿದಾಗ ಮಾತ್ರ ಕೇಳಿಸುತ್ತಿದ್ದ ಕಟಕಟ ಸದ್ದಿನ ಮೂಲ ಇಂದು ಕೈಗೆ ಸಿಕ್ಕಿತು. ಹುಡುಕಾಟ ಇಷ್ಟು ದಿನ ಹಿಡಿದದ್ದು ಎಂಜಿನ್ ಜಟಿಲವಾಗಿದೆ ಎಂಬ ಕಾರಣಕ್ಕಲ್ಲ, ತಣ್ಣಗಿನ ಎಂಜಿನ್ ದಿನಕ್ಕೆ ಒಂದೇ ಬಾರಿ ಸಿಗುತ್ತದೆ ಎಂಬ ಕಾರಣಕ್ಕೆ. ಒಮ್ಮೆ ಸ್ಟಾರ್ಟ್ ಆಗಿ ಒಂದೆರಡು ನಿಮಿಷ ಓಡಿದರೆ ಸಾಕು, ಆ ದಿನದ ಪರೀಕ್ಷೆ ಮುಗಿದಂತೆಯೇ. ಆಮೇಲೆ ಸಿಲಿಂಡರಿನ ರೆಕ್ಕೆಗಳು ಮುಟ್ಟಿದರೆ ತಣ್ಣಗೆನಿಸಿದರೂ ಒಳಗಿನ ತೈಲ ಮತ್ತು ಲೋಹ ಪೂರ್ತಿ ತಣಿಯಲು ಗಂಟೆಗಟ್ಟಲೆ ಬೇಕು. ಆದ್ದರಿಂದ ಸ್ಟಾರ್ಟರ್ ಗುಂಡಿ ಒತ್ತುವ ಮೊದಲೇ, ಈ ಬೆಳಿಗ್ಗೆ ತಿಳಿಯಬೇಕಾದದ್ದೇನು ಎಂದು ಹಿಂದಿನ ರಾತ್ರಿ ಒಂದು ಸಾಲು ಬರೆದಿಟ್ಟುಕೊಳ್ಳುವ ಪದ್ಧತಿ ಮಾಡಿಕೊಂಡೆ. ಒಂದೇ ಬೆಳಿಗ್ಗೆ ಕ್ಲಚ್ಚನ್ನೂ ಹಿಡಿದು, ಎಕ್ಸಲೇಟರನ್ನೂ ತಿರುಗಿಸಿ, ಸೈಲೆನ್ಸರನ್ನೂ ಒದ್ದು ನೋಡಿದರೆ ಸದ್ದು ಯಾವುದರಿಂದ ನಿಂತಿತು ಎಂಬುದು ಕೊನೆಗೂ ತಿಳಿಯುವುದಿಲ್ಲ.

ಈ ಬೈಕಿನದು ಗಾಳಿಯಿಂದ ತಣಿಯುವ ಒಂದು ಸಿಲಿಂಡರಿನ ಎಂಜಿನ್. ವಾಲ್ವುಗಳನ್ನು ತೆರೆಯುವ ದಂಡವಾದ ಕ್ಯಾಮ್, ಸಿಲಿಂಡರಿನ ಮೇಲೆ ಕೂರುವ ಹೆಡ್ಡಿನಲ್ಲಿದೆ, ವಾಲ್ವ್‌ಗಳು ಎರಡು, ಪಿಸ್ಟನ್ ತಿರುಗಿಸುವ ಕ್ರ್ಯಾಂಕಿನಿಂದ ಕ್ಯಾಮಿಗೆ ಚಲನೆ ಒಯ್ಯುವ ಟೈಮಿಂಗ್ ಚೈನನ್ನು ಬಿಗಿಯಾಗಿಡಲು ಸ್ಪ್ರಿಂಗಿನ ಬಲದಿಂದ ತಾನಾಗಿಯೇ ಮುಂದೆ ಸರಿಯುವ ಟೆನ್ಷನರ್ ಇದೆ. ಎಂಜಿನ್ ಹತ್ತಿಕೊಂಡ ಕ್ಷಣದಿಂದಲೇ ಒಣ ಲೋಹದ ಸದ್ದು ಶುರುವಾಗುತ್ತಿತ್ತು, ಸುಮಾರು ಒಂದು ನಿಮಿಷ ಇದ್ದು ಕ್ರಮೇಣ ತೆಳುವಾಗಿ ಇಲ್ಲವಾಗುತ್ತಿತ್ತು. ಇಂಥ ಸದ್ದನ್ನು ಮೆಕ್ಯಾನಿಕ್‌ಗೆ ಕೇಳಿಸಲು ಹೊರಟರೆ ವರ್ಕ್‌ಶಾಪ್ ಮುಟ್ಟುವಷ್ಟರಲ್ಲಿ ಅದು ಮಾಯವಾಗಿರುತ್ತದೆ. ಕೇಳಿಸಲೇಬೇಕು ಎನ್ನುವವರು ಬೈಕನ್ನು ರಾತ್ರಿ ಅಲ್ಲಿಯೇ ಬಿಟ್ಟುಬರುವುದು ಒಳ್ಳೆಯದು. ಬಿಸಿ ಎಂಜಿನ್ನಿನ ಮೇಲೆ ಕೈಯಿಟ್ಟು 'ಚೈನ್ ಹೋಗಿದೆ ಸರ್, ಹಾಕಿಸಿಬಿಡಿ' ಎನ್ನುವ ಮಾತು ಸರಿಯಾಗಿರಲೂಬಹುದು, ಆದರೆ ಅದು ಊಹೆಯೇ ಹೊರತು ಪರೀಕ್ಷೆಯಲ್ಲ.

ಎಲ್ಲಕ್ಕಿಂತ ಮೊದಲು ಅಪಾಯದ ಸದ್ದನ್ನು ಬೇರ್ಪಡಿಸಬೇಕು. ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ಕನೆಕ್ಟಿಂಗ್ ರಾಡಿನ, ಕ್ರ್ಯಾಂಕಿನ ಬಳಿಯ ಬೇರಿಂಗ್ ಸವೆದಿದ್ದರೆ ಬರುವ ಸದ್ದು ಆಳವಾದ ಗುದ್ದಿನಂತಿರುತ್ತದೆ, ಎಂಜಿನ್ನಿನ ಮೇಲೆ ಭಾರ ಬಿದ್ದಂತೆ ಹೆಚ್ಚುತ್ತದೆ, ಎಂಜಿನ್ ಬಿಸಿಯಾದರೂ ಹೋಗುವುದಿಲ್ಲ. ತೈಲ ಬಿಸಿಯಾಗಿ ತೆಳುವಾದ ಮೇಲೆ ಅದು ಇನ್ನೂ ಜೋರಾಗುವುದೇ ಹೆಚ್ಚು. ಅಂಥ ಸದ್ದು ಬಂದರೆ ಬೈಕನ್ನು ಓಡಿಸಬಾರದು. ನನ್ನದು ಅದಕ್ಕೆ ತದ್ವಿರುದ್ಧವಾಗಿ ನಡೆದುಕೊಳ್ಳುತ್ತಿದ್ದುದರಿಂದ ನಿಧಾನವಾಗಿ ಹುಡುಕುವ ಧೈರ್ಯ ಬಂತು.

ಸದ್ದು ಹೇಗಿದೆ ಎನ್ನುವುದಕ್ಕಿಂತ ಎಷ್ಟು ಹೊತ್ತು ಇರುತ್ತದೆ ಎನ್ನುವುದು ಹೆಚ್ಚು ನಂಬಬಹುದಾದ ಸಾಕ್ಷಿ ಎಂಬುದು ನನ್ನ ಅಭಿಪ್ರಾಯ. ಎರಡು ಮೂರು ಸೆಕೆಂಡಿನಲ್ಲಿ ನಿಂತುಹೋಗುವ ಕಟಕಟ ಬಹುಮಟ್ಟಿಗೆ ತೈಲಕ್ಕೆ ಸಂಬಂಧಿಸಿದ್ದು: ರಾತ್ರಿ ಹೆಡ್ಡಿನಿಂದ ತೈಲ ಕೆಳಗಿಳಿದಿರುತ್ತದೆ, ಪಂಪು ಅದನ್ನು ಮತ್ತೆ ಮೇಲಕ್ಕೆ ತಲುಪಿಸುವವರೆಗೆ ಭಾಗಗಳು ಒಣಗಿದ್ದಂತೆ ಬಡಿದುಕೊಳ್ಳುತ್ತವೆ. ತೈಲದ ಒತ್ತಡದಿಂದಲೇ ಕೆಲಸ ಮಾಡುವ ಟೆನ್ಷನರ್ ಇರುವ ಎಂಜಿನ್‌ಗಳಲ್ಲಿ ಇದು ಇನ್ನೂ ಸ್ಪಷ್ಟವಾಗಿ ಕೇಳಿಸುತ್ತದೆ. ತಿರುಗಿಸಿ ಕೂರಿಸುವ ಡಬ್ಬಿ ಮಾದರಿಯ ಫಿಲ್ಟರಿನಲ್ಲಿ ತೈಲ ಹಿಂದಕ್ಕೆ ಹರಿಯದಂತೆ ತಡೆಯುವ ರಬ್ಬರ್ ಪೊರೆ ಗಟ್ಟಿಯಾಗಿದ್ದರೂ ಹೀಗಾಗಬಹುದು. ತೈಲದ ಮಟ್ಟ ಕಡಿಮೆಯಾಗಿದ್ದರೆ, ಅಥವಾ ತಯಾರಕರು 10ಡಬ್ಲ್ಯೂ-30 ಎಂದಿರುವ ಕಡೆ ಅದಕ್ಕಿಂತ ದಪ್ಪನೆಯ 20ಡಬ್ಲ್ಯೂ-50 ದರ್ಜೆಯ ತೈಲ ಹಾಕಿದ್ದರೆ, ತಣ್ಣಗಿರುವಾಗ ತೈಲ ಮೇಲೇರಲು ಇನ್ನಷ್ಟು ಸಮಯ ಬೇಕಾಗುತ್ತದೆ. ನನ್ನ ಬೈಕಿನ ತೈಲದ ಮಟ್ಟ ಮತ್ತು ದರ್ಜೆ ಎರಡೂ ಸರಿಯಿದ್ದವು. ಒಂದು ನಿಮಿಷದ ಸದ್ದಿಗೆ ತೈಲ ತಲುಪುವ ತಡವೊಂದನ್ನೇ ಕಾರಣವಾಗಿ ಹೇಳಲು ಬರುವುದಿಲ್ಲ. ಅವಧಿಯನ್ನು ಅಳೆಯಲು ಮೊಬೈಲನ್ನು ದಿನವೂ ಅದೇ ಜಾಗದಲ್ಲಿಟ್ಟು ಧ್ವನಿಮುದ್ರಿಸಿಕೊಳ್ಳುತ್ತಿದ್ದೆ. ಮೊಬೈಲ್ ಸದ್ದಿನ ಏರಿಳಿತವನ್ನು ತಾನೇ ಸರಿದೂಗಿಸುವುದರಿಂದ ಅದು ಎಷ್ಟು ಜೋರಿತ್ತು ಎಂಬುದನ್ನು ಆ ಮುದ್ರಣದಿಂದ ನಿರ್ಧರಿಸಲಾಗದು, ಆದರೆ ಯಾವಾಗ ಶುರುವಾಯಿತು, ಯಾವಾಗ ನಿಂತಿತು ಎಂಬುದರಲ್ಲಿ ಮೋಸವಿಲ್ಲ.

ಎಂಜಿನ್ ಸ್ಟಾರ್ಟ್ ಮಾಡದೆಯೇ ಮಾಡಬಹುದಾದ ಪರೀಕ್ಷೆಗಳಿಂದ ಬೆಳಗಿನ ಅವಕಾಶ ಖರ್ಚಾಗುವುದಿಲ್ಲವಾದ್ದರಿಂದ ಅವನ್ನು ಮೊದಲು ಮುಗಿಸಿದೆ. ಸೈಲೆನ್ಸರಿನ ಶಾಖದ ತಗಡು, ಎಂಜಿನ್ನನ್ನು ಚಾಸಿಗೆ ಹಿಡಿದಿಡುವ ಬೋಲ್ಟುಗಳು, ಟ್ಯಾಂಕಿನ ಕೆಳಗಿನ ಬ್ರಾಕೆಟ್ಟುಗಳು, ಇವನ್ನೆಲ್ಲ ಅಂಗೈಯಿಂದ ತಟ್ಟಿ ನೋಡಿದರೆ ಸಡಿಲವಾಗಿರುವುದು ತಾನಾಗಿ ಕಿಣಿಗುಟ್ಟುತ್ತದೆ. ಹೆಡ್ಡಿಗೆ ಎಕ್ಸಾಸ್ಟ್ ಕೊಳವೆ ಸೇರುವ ಜಾಗವನ್ನು ಮಾತ್ರ ಟಾರ್ಚ್ ಹಿಡಿದು ನೋಡಬೇಕು. ಅಲ್ಲಿನ ಗ್ಯಾಸ್ಕೆಟ್ ಸೋರುತ್ತಿದ್ದರೆ ಟ್ಯಾಪೆಟ್ (ಕ್ಯಾಮ್ ಮತ್ತು ವಾಲ್ವಿನ ನಡುವಿನ ಭಾಗ) ಸದ್ದನ್ನೇ ಹೋಲುವ ಟಿಕ್‌ಟಿಕ್ ಬರುತ್ತದೆ, ಲೋಹ ಹಿಗ್ಗಿ ಸಂದು ಮುಚ್ಚಿಕೊಂಡ ಕೂಡಲೇ ಅದೂ ನಿಲ್ಲುತ್ತದೆ. ಈ ಸೋರಿಕೆಯನ್ನು ಟ್ಯಾಪೆಟ್ ಎಂದು ತಿಳಿದು ಹೆಡ್ ಬಿಚ್ಚಿಸಿಕೊಂಡವರು ಕಡಿಮೆಯಿಲ್ಲ. ಸೋರುವ ಕಡೆ ಮಸಿಯ ಗೆರೆ ಉಳಿದಿರುತ್ತದೆ. ನನ್ನ ಎಂಜಿನ್ನಿನಲ್ಲಿ ಮಸಿ ಕಾಣಲಿಲ್ಲ.

ಟ್ಯಾಪೆಟ್ ಸಂದನ್ನು ಅಳೆಯುವುದಕ್ಕೂ ಎಂಜಿನ್ ತಣ್ಣಗೇ ಇರಬೇಕು. ಪಿಸ್ಟನ್ ಕಂಪ್ರೆಷನ್ ಹಂತದ ತುದಿಗೆ ಬಂದಾಗ ಎರಡೂ ವಾಲ್ವ್‌ಗಳು ಮುಚ್ಚಿರುತ್ತವೆ, ಆಗ ವಾಲ್ವನ್ನು ಒತ್ತುವ ರಾಕರ್ ಮತ್ತು ವಾಲ್ವ್ ಕಾಂಡದ ನಡುವೆ ಫೀಲರ್ ಗೇಜಿನ ತೆಳುವಾದ ಉಕ್ಕಿನ ಎಲೆ ತೂರಿಸಬೇಕು. ಇಂಥ ಸಣ್ಣ ಎಂಜಿನ್‌ಗಳಲ್ಲಿ ಸಂದು ಸಾಮಾನ್ಯವಾಗಿ 0.05ರಿಂದ 0.10 ಮಿ.ಮೀ. ಆಸುಪಾಸಿನಲ್ಲಿರುತ್ತದೆಯಾದರೂ ಆಯಾ ಮಾದರಿಯ ಕೈಪಿಡಿಯಲ್ಲಿರುವ ಅಳತೆಯೇ ಅಂತಿಮ. ಎಲೆ ಸುಲಭವಾಗಿ ಜಾರಿದರೂ ಬೆರಳಿಗೆ ಸ್ವಲ್ಪ ಎಳೆತ ತಿಳಿಯಬೇಕು, ಅದರ ಮುಂದಿನ ದಪ್ಪದ ಎಲೆ ಒಳಗೆ ಹೋಗಬಾರದು. ಇಲ್ಲೊಂದು ಮಾತು ಹೇಳಲೇಬೇಕು. ಸಂದು ಹೆಚ್ಚಾದ ಟ್ಯಾಪೆಟ್ ಸದ್ದು ಮಾಡಿ ಎಚ್ಚರಿಸುತ್ತದೆ, ಸಂದೇ ಇಲ್ಲದ ಟ್ಯಾಪೆಟ್ ಮೌನವಾಗಿದ್ದುಕೊಂಡೇ ವಾಲ್ವನ್ನು ಸುಡುತ್ತದೆ. ಸದ್ದು ಅಡಗಲೆಂದು ಸಂದನ್ನು ಬಿಗಿ ಮಾಡುವ ಅಭ್ಯಾಸ ಎಂಜಿನ್ನಿಗೆ ಒಳ್ಳೆಯದಲ್ಲ. ನನ್ನ ಎರಡೂ ವಾಲ್ವ್‌ಗಳು ಅಳತೆಯೊಳಗೇ ಇದ್ದವು. ಅಲ್ಲದೆ ಟ್ಯಾಪೆಟ್ ಸದ್ದಿಗೆ ಒಂದು ಖಚಿತವಾದ ಲಯವಿದೆ: ಕ್ಯಾಮ್ ಕ್ರ್ಯಾಂಕಿನ ಅರ್ಧ ವೇಗದಲ್ಲಿ ತಿರುಗುವುದರಿಂದ, ನಿಮಿಷಕ್ಕೆ 1400 ಸುತ್ತಿನ ಐಡ್ಲಿಂಗಿನಲ್ಲಿ ಒಂದು ವಾಲ್ವ್ ಸೆಕೆಂಡಿಗೆ ಹನ್ನೆರಡಕ್ಕಿಂತ ತುಸು ಕಡಿಮೆ ಬಾರಿ ಬಡಿಯುತ್ತದೆ. ನನಗೆ ಕೇಳಿಸುತ್ತಿದ್ದುದರಲ್ಲಿ ಅಂಥ ಅಚ್ಚುಕಟ್ಟು ಇರಲಿಲ್ಲ.

ಕ್ಲಚ್ಚಿನ ಪರೀಕ್ಷೆಗೆ ಒಂದು ಬೆಳಿಗ್ಗೆ ಮೀಸಲಿಟ್ಟೆ. ನ್ಯೂಟ್ರಲ್‌ನಲ್ಲಿ ಸದ್ದು ಕೇಳಿಸುತ್ತಿರುವಾಗ ಕ್ಲಚ್ ಹಿಡಿಯಬೇಕು. ಆಗ ಸದ್ದು ನಿಂತರೆ ಅಥವಾ ಬದಲಾದರೆ ಕ್ಲಚ್ ಬುಟ್ಟಿಯನ್ನೋ ಗೇರ್‌ಬಾಕ್ಸಿನ ಬೇರಿಂಗನ್ನೋ ಸಂಶಯಿಸಬೇಕು. ಏನೂ ಬದಲಾಗಲಿಲ್ಲ. ಸೆಲ್ಫ್ ಒತ್ತಿದಷ್ಟು ಹೊತ್ತು ಮಾತ್ರ ಕೇಳಿಸುವ ಕರಕರವಾಗಿದ್ದರೆ ಸ್ಟಾರ್ಟರಿನ ಒಮ್ಮುಖ ಕ್ಲಚ್ಚನ್ನು ನೋಡಬೇಕಿತ್ತು, ಅದೂ ಅಲ್ಲ.

ಕೊನೆಗೆ ಉಳಿದದ್ದು ಎರಡು, ಪಿಸ್ಟನ್ ಮತ್ತು ಟೈಮಿಂಗ್ ಚೈನ್. ಎರಡರ ಸದ್ದೂ ಬಿಸಿಯಾದಂತೆ ಅಡಗುತ್ತದೆ, ಆದ್ದರಿಂದ ಗೊಂದಲ ಸಹಜ. ತಣ್ಣಗಿರುವ ಪಿಸ್ಟನ್ ಸಿಲಿಂಡರಿನಲ್ಲಿ ತುಸು ಸಡಿಲವಾಗಿದ್ದು ಗೋಡೆಯಿಂದ ಗೋಡೆಗೆ ವಾಲುತ್ತದೆ, ಹಿಗ್ಗಿದ ಮೇಲೆ ಸರಿಯಾಗಿ ಕೂರುತ್ತದೆ. ಚೈನಿನ ವಿಷಯದಲ್ಲಿ ನಡೆಯುವುದು ಇನ್ನೂ ಕುತೂಹಲಕರ. ಅಲ್ಯುಮಿನಿಯಂ ಉಕ್ಕಿನ ಸುಮಾರು ಎರಡರಷ್ಟು ಹಿಗ್ಗುತ್ತದೆ. ಕ್ರ್ಯಾಂಕಿನಿಂದ ಕ್ಯಾಮ್‌ಗೆ 150 ಮಿ.ಮೀ. ದೂರವಿದೆ, ಉಷ್ಣತೆ 80 ಡಿಗ್ರಿ ಸೆಲ್ಸಿಯಸ್ ಏರಿತು ಎಂದು ಇಟ್ಟುಕೊಂಡರೆ, ಅಲ್ಯುಮಿನಿಯಂ ಸಿಲಿಂಡರ್ ಉಕ್ಕಿನ ಚೈನಿಗಿಂತ ಸುಮಾರು 0.13 ಮಿ.ಮೀ. ಹೆಚ್ಚು ಬೆಳೆಯುತ್ತದೆ. ಚೈನಿಗೆ ಎರಡು ಬದಿಗಳಿರುವುದರಿಂದ ಅದರ ಎರಡರಷ್ಟು ಸಡಿಲ ಕಡಿಮೆಯಾಗುತ್ತದೆ. ಹೀಗೆ ಟೆನ್ಷನರ್ ಮಾಡಬೇಕಾದ ಕೆಲಸವನ್ನು ಶಾಖವೇ ಸ್ವಲ್ಪ ಮಟ್ಟಿಗೆ ಮಾಡಿಕೊಡುತ್ತದೆ, ದೋಷವೂ ಅದರ ಹಿಂದೆ ಅಡಗಿಕೊಳ್ಳುತ್ತದೆ.

ಎರಡನ್ನೂ ಬೇರ್ಪಡಿಸಲು ಉದ್ದನೆಯ ಸ್ಕ್ರೂಡ್ರೈವರಿನ ಹಿಡಿಯನ್ನು ಕಿವಿಯ ಮುಂದಿನ ಎಲುಬಿಗೆ ಒತ್ತಿಹಿಡಿದು, ತುದಿಯನ್ನು ಎಂಜಿನ್ನಿನ ಬೇರೆ ಬೇರೆ ಕಡೆ ತಾಗಿಸಿದೆ. ಇದನ್ನು ಬಯಲಿನಲ್ಲಿ ಮಾಡಬೇಕು, ಬಾಗಿಲು ಮುಚ್ಚಿದ ಜಾಗದಲ್ಲಿ ಎಂಜಿನ್ ಓಡಿಸಿದರೆ ಕಾರ್ಬನ್ ಮಾನಾಕ್ಸೈಡ್ ಪ್ರಾಣಕ್ಕೇ ಅಪಾಯ. ಪಿಸ್ಟನ್ ಬಡಿತವಾಗಿದ್ದರೆ ಸಿಲಿಂಡರಿನ ಮುಂದೆ ಅಥವಾ ಹಿಂದೆ ಮಂದವಾದ ಗುದ್ದಿನಂತೆ ಕೇಳಿಸಬೇಕಿತ್ತು. ಅಲ್ಲಿ ಬರೀ ಎಂಜಿನ್ನಿನ ಗುಂಯ್‌ಗಾಟವಿತ್ತು. ಚೈನ್ ಹಾದುಹೋಗುವ ಬದಿಯ ಗೋಡೆಗೆ ತುದಿ ತಾಗಿಸಿದೊಡನೆ ಸದ್ದು ತಲೆಬುರುಡೆಯೊಳಗೇ ಹುಟ್ಟಿದಷ್ಟು ಹತ್ತಿರವಾಯಿತು. ಎಕ್ಸಲೇಟರನ್ನು ತುಸು ತಿರುಗಿಸಿ ಬಿಟ್ಟಾಗ, ವೇಗ ಇಳಿಯುವ ಹೊತ್ತಿನಲ್ಲಿ ಅದು ಜೋರಾಗುತ್ತಿದ್ದುದೂ ಚೈನಿನ ಕಡೆಗೇ ಬೊಟ್ಟು ಮಾಡಿತು.

ಇಂದು ಎಂಜಿನ್ ಸ್ಟಾರ್ಟ್ ಮಾಡದೆ ಟೆನ್ಷನರ್ ಬಿಚ್ಚಿದೆ. ಮೊದಲು ಕ್ರ್ಯಾಂಕಿನ ತುದಿಯಲ್ಲಿ ಕೂತಿರುವ ಮ್ಯಾಗ್ನೆಟ್ ಚಕ್ರದ ಟಿ ಗುರುತನ್ನು (ಪಿಸ್ಟನ್ ಮೇಲ್ತುದಿಗೆ ಬಂದಿದೆ ಎಂದು ತೋರಿಸುವುದು) ಸರಿಹೊಂದಿಸಿ ಪಿಸ್ಟನ್ನನ್ನು ಕಂಪ್ರೆಷನ್ ತುದಿಯಲ್ಲಿ ನಿಲ್ಲಿಸಿದೆ. ಟೆನ್ಷನರ್ ಹೊರಗಿರುವಾಗ ಕ್ರ್ಯಾಂಕನ್ನು ತಿರುಗಿಸಕೂಡದು, ಚೈನ್ ಒಂದು ಹಲ್ಲು ಜಾರಿದರೂ ಟೈಮಿಂಗ್ ಕೆಡುತ್ತದೆ, ಇನ್ನಷ್ಟು ಜಾರಿದರೆ ವಾಲ್ವ್ ಹೋಗಿ ಪಿಸ್ಟನ್ನಿಗೆ ಬಡಿಯಬಹುದು. ಟೆನ್ಷನರಿನ ಎರಡು ಬೋಲ್ಟುಗಳನ್ನು ಅರ್ಧ ಸಡಿಲಿಸಿ ಮತ್ತೆ ಬಿಗಿಯುವುದೂ ತಪ್ಪು. ಸಡಿಲವಾದ ಕೂಡಲೇ ಒಳಗಿನ ಕಡ್ಡಿ ಮುಂದೆ ಸರಿದು ಅಲ್ಲಿಯೇ ನಿಲ್ಲುತ್ತದೆ, ಮರಳಿ ಬಿಗಿದಾಗ ಚೈನಿನ ಮೇಲೆ ಅತಿಯಾದ ಎಳೆತ ಬೀಳುತ್ತದೆ. ಪೂರ್ತಿ ಬಿಚ್ಚಿ, ಕಡ್ಡಿಯನ್ನು ಹಿಂದಕ್ಕೆ ಸುತ್ತಿ, ಮತ್ತೆ ಕೂರಿಸುವುದೊಂದೇ ದಾರಿ.

ಬಿಚ್ಚಿದ ಟೆನ್ಷನರಿನ ಕಡ್ಡಿಯನ್ನು ಹೆಬ್ಬೆರಳಿನಿಂದ ಒತ್ತಿದೆ. ಸರಿಯಾಗಿರುವ ಟೆನ್ಷನರಿನಲ್ಲಿ ಅದು ಮುಂದಕ್ಕೆ ಮಾತ್ರ ಚಲಿಸಬೇಕು, ಎಷ್ಟು ಒತ್ತಿದರೂ ಹಿಂದೆ ಬರಬಾರದು. ಇದು ಮೊದಲು ತಡೆದು, ನಂತರ ಸಣ್ಣ ಕಿರುಗುಟ್ಟುವಿಕೆಯೊಂದಿಗೆ ಹಲವು ಮಿ.ಮೀ. ಒಳಗೆ ಹೋಗಿ, ಬೆರಳು ತೆಗೆದಾಗ ಎಳೆದುಕೊಂಡಂತೆ ನಿಧಾನವಾಗಿ ಹೊರಬಂತು. ಒಳಗಿನ ತಿರುಪು ಸವೆದಿದೆ. ವಾಲ್ವ್ ಸ್ಪ್ರಿಂಗುಗಳು ಕ್ಯಾಮನ್ನು ಒಮ್ಮೆ ತಡೆದು ಒಮ್ಮೆ ತಳ್ಳುವುದರಿಂದ ಚೈನಿನ ಸಡಿಲ ಬದಿ ಸದಾ ಎಗರುತ್ತಿರುತ್ತದೆ. ಆ ಹೊಡೆತಕ್ಕೆ ಕಡ್ಡಿ ಹಿಂದೆ ಸರಿದಾಗಲೆಲ್ಲ ಚೈನ್ ತಾನು ಜಾರಿಹೋಗುವ ಪಟ್ಟಿಯಾದ ಗೈಡಿಗೆ ಬಡಿಯುತ್ತಿತ್ತು.

ಹೊಸ ಟೆನ್ಷನರನ್ನು ಹೊಸ ಗ್ಯಾಸ್ಕೆಟ್ಟಿನೊಂದಿಗೆ ಕೂರಿಸಿ, ಕ್ರ್ಯಾಂಕನ್ನು ಕೈಯಿಂದ ಎರಡು ಪೂರ್ಣ ಸುತ್ತು ತಿರುಗಿಸಿ ಗುರುತುಗಳನ್ನು ಮತ್ತೆ ನೋಡಿದೆ. ಆಮೇಲೆ ಎಂಜಿನ್ ಸ್ಟಾರ್ಟ್ ಮಾಡಿದಾಗ ಸದ್ದು ಮೊದಲ ಕ್ಷಣದಿಂದಲೇ ಇರಲಿಲ್ಲ. ಆದರೆ ಟಿ ಗುರುತು ಸರಿಯಾಗಿದ್ದಾಗ ಕ್ಯಾಮ್ ಹಲ್ಚಕ್ರದ ಗೆರೆ ಹೆಡ್ಡಿನ ಅಂಚಿಗೆ ಸಮನಾಗಿ ನಿಲ್ಲುವ ಬದಲು ಅರ್ಧ ಹಲ್ಲಿಗಿಂತ ಕಡಿಮೆ ಅಂತರದಲ್ಲಿ ಹಿಂದೆ ಬಿದ್ದಿದೆ. ಚೈನ್ ಸವೆದು ಉದ್ದವಾಗಿದೆ ಎಂಬುದಕ್ಕೆ ಇದು ಗುರುತು. ಸದ್ಯಕ್ಕೆ ಟೆನ್ಷನರ್ ಆ ಸಡಿಲವನ್ನು ಹಿಡಿದಿಡುತ್ತದೆಯಾದರೂ ಚೈನ್ ಮತ್ತು ಎರಡು ಗೈಡ್‌ಗಳನ್ನು ಒಟ್ಟಿಗೇ ಬದಲಿಸುವುದೆಂದು ತೀರ್ಮಾನಿಸಿದ್ದೇನೆ. ಅದಕ್ಕೆ ಮ್ಯಾಗ್ನೆಟ್ ಹೊರತೆಗೆಯಬೇಕು, ಅದನ್ನು ಎಳೆದು ತೆಗೆಯುವ, ಈ ಮಾದರಿಗೆ ಹೊಂದುವ ಪುಲ್ಲರ್ ಎಂಬ ಸಾಧನ ಸಿಕ್ಕ ಮೇಲೆ ಆ ಕೆಲಸ.