ಪಿಯಾನೊಗೆ ಮರವಜ್ರ

ನಾನು ಭಾನುವಾರ ಬಾರಿಸುವ ಚರ್ಚಿನ ಪಿಯಾನೊ ತುಂಬಾ ಹಳೆಯದು. ಅದರ 52 ಬಿಳಿ ಮನೆಗಳ (ಬೆರಳಿನಿಂದ ಒತ್ತುವ ಕೀಲಿಗಳ) ಮೇಲೆ ಹೆಚ್ಚಾಗಿ ಆನೆದಂತದ ಹಾಳೆ ಇದೆ, ಉಗುರಿನಷ್ಟು ತೆಳು. ಬಳ್ಳಾರಿಯ ಬೇಸಿಗೆ ನಿಮಗೆ ಗೊತ್ತಲ್ವಾ? ಮರ ಒಣಗಿ ಕುಗ್ಗುತ್ತದೆ, ಹಳೆ ಅಂಟು ಪುಡಿಯಾಗುತ್ತದೆ. ಈ ಏಪ್ರಿಲ್‌ನಲ್ಲಿ ಮೂರು ಹಾಳೆ ಎದ್ದು ಬಂದವು.

ಮೊದಲನೆಯದಕ್ಕೆ ಸೂಪರ್ ಗ್ಲೂ ಹಾಕಿದೆ. ಇಟ್ಟ ಕ್ಷಣವೇ ಹಿಡಿದುಬಿಟ್ಟಿತು, ಸರಿಸಲು ಆಗಲಿಲ್ಲ. ಕೂದಲೆಳೆಯಷ್ಟು ಸೊಟ್ಟ. ಪಕ್ಕದ ಮನೆಗೆ ಉಜ್ಜುತ್ತದೆ. ಎರಡನೆಯದಕ್ಕೆ ಬಿಳಿ ಮರದ ಅಂಟು. ಅದರಲ್ಲಿನ ನೀರು ಕುಡಿದು ದಂತ ದೋಣಿಯ ಹಾಗೆ ಬಾಗಿತು, ಕೆಳಗಿನ ಮರದ ಕಪ್ಪು ಬೇರೆ ಕಾಣತೊಡಗಿತು. ನನಗೆ ಅಳು ಬಂತು. ದಂತದ ಅಂತರರಾಷ್ಟ್ರೀಯ ವ್ಯಾಪಾರ ನಿಷೇಧಿಸಲು 1989ರಲ್ಲೇ ತೀರ್ಮಾನವಾಗಿದೆ. ಹಾಳಾದರೆ ಇನ್ನೊಂದು ತರುವ ಮಾತೇ ಇಲ್ಲ.

ಕೌಲ್ ಬಜಾರಿನ ಹಿರಿಯ ಬಡಗಿಯೊಬ್ಬರಿಗೆ ತೋರಿಸಿದೆ. ಅವರು ಪಿಯಾನೊ ಮುಟ್ಟಿದವರಲ್ಲ. ಆದರೆ ಮರದ ಮೇಲೆ ಉಳಿದಿದ್ದ ಹಳದಿ ಪುಡಿಗೆ ಎಂಜಲು ಹಚ್ಚಿ ಉಜ್ಜಿದರು. ಬೆರಳಿಗೆ ಅಂಟಿತು. "ಇದು ಮರವಜ್ರ ಅಮ್ಮ, ಚರ್ಮದ ಸರೇಸು" ಅಂದರು. ಪ್ರಾಣಿಗಳ ಚರ್ಮ ಬೇಯಿಸಿ ತೆಗೆಯುವ ಅಂಟು. ಅಷ್ಟು ವರ್ಷದ ಮೇಲೂ ಒದ್ದೆಯಾದರೆ ಬಿಡುತ್ತದೆ, ಬಿಸಿಗೆ ಕರಗುತ್ತದೆ. ಮುಂದೆ ಯಾರೋ ಬಿಚ್ಚಬೇಕಾಗುತ್ತದೆ ಅಂತ ಗೊತ್ತಿದ್ದವರೇ ಇದನ್ನು ಹಾಕಿರುತ್ತಾರೆ. ನಾನು ಆ ಯೋಚನೆಯನ್ನೇ ಮಾಡಿರಲಿಲ್ಲ.

ಅವರೇ ಒಂದು ಹಿಡಿ ಸರೇಸಿನ ಹರಳು ಕೊಟ್ಟರು. ರಾತ್ರಿಯಿಡೀ ತಣ್ಣೀರಲ್ಲಿ ನೆನೆಸಿದೆ. ಬೆಳಿಗ್ಗೆ ಬಿಸಿನೀರಿನ ಪಾತ್ರೆಯೊಳಗೆ ಬಟ್ಟಲು ಇಟ್ಟು ಕರಗಿಸಿದೆ. 60 ಡಿಗ್ರಿ ಸಾಕು, ಕುದಿಸಿದರೆ ಬಲ ಹೋಗುತ್ತದೆ. ಮರದ ಕಪ್ಪು ಕಾಣದಿರಲಿ ಅಂತ ಚಿಟಿಕೆ ಸೀಮೆಸುಣ್ಣದ ಪುಡಿ ಬೆರೆಸಿದೆ. ಮನೆಯೆಲ್ಲ ಚರ್ಮದ ವಾಸನೆ!

ಈ ಅಂಟು ತಣ್ಣಗಾದರೆ ಗಟ್ಟಿಯಾಗುತ್ತದೆ. ಚಳಿ ಊರುಗಳಲ್ಲಿ ಇದರ ಜೊತೆ ಓಡಬೇಕು. ನಾನು ಫ್ಯಾನ್ ಆರಿಸಿ ಕೂತೆ. ಬೆವರು ಸುರಿಯುತ್ತಿತ್ತು, ಆದರೆ ಮೂರನೇ ಹಾಳೆಯನ್ನು ಅತ್ತಿತ್ತ ಸರಿಸಿ, ಅಂಚಿಗೆ ಅಂಚು ಕೂಡಿಸಲು ಬೇಕಾದಷ್ಟು ಸಮಯ ಸಿಕ್ಕಿತು. ನಮ್ಮ ಮೇ ತಿಂಗಳ ಸೆಕೆಗೆ ಅವತ್ತು ಮೊದಲ ಸಲ ಥ್ಯಾಂಕ್ಸ್ ಹೇಳಿದೆ. ಮೇಲೆ ಕಾಗದ, ಅದರ ಮೇಲೆ ಮರದ ಚಕ್ಕೆ ಇಟ್ಟು ಕ್ಲಾಂಪ್ ಬಿಗಿದು ಒಂದು ದಿನ ಬಿಟ್ಟೆ. ನೇರವಾಗಿ ಕೂತಿದೆ. ಬಾಗಿದ್ದನ್ನೂ ನಿಧಾನವಾಗಿ ಬಿಡಿಸಿ, ಒತ್ತಿಟ್ಟು ನೇರ ಮಾಡಿ, ಹೀಗೇ ಅಂಟಿಸಿದೆ.

ಸೂಪರ್ ಗ್ಲೂ ಹಾಕಿದ್ದು ಮಾತ್ರ ಬಾಕಿ. ಆ ಅಂಟು ಕರಗಿಸಲು ಅಸಿಟೋನ್ ಬೇಕು. ಆದರೆ ಯಾರೋ ಹಿಂದೆ ಒಂದೆರಡು ಕಡೆ ದಂತದ ಬದಲು ಸೆಲ್ಯುಲಾಯ್ಡ್ ಎಂಬ ಹಳೇ ಕಾಲದ ಪ್ಲಾಸ್ಟಿಕ್ ಹಾಕಿದ್ದಾರೆ, ಅಸಿಟೋನ್ ತಾಗಿದರೆ ಅದು ಕರಗಿಹೋಗುತ್ತದೆ. ಇವತ್ತು ಬೆಳಿಗ್ಗೆ ಆ ಮನೆಯನ್ನು ಹೊರಗೆಳೆದು ಕಿಟಕಿಯ ಬೆಳಕಿಗೆ ಹಿಡಿದೆ. ಮರದ ಎಳೆಯಂಥ ಸಣ್ಣ ಗೆರೆಗಳು ಕಂಡವು. ದಂತವೇ. ಶನಿವಾರ ಬಿಚ್ಚುತ್ತೇನೆ.