ನಾರ್ತ್ ಸೀಯ ಮರಳು ಮತ್ತು ಕೋಟಿ ಸಲದ ತಳ್ಳಾಟ

ಚಿತ್ರದುರ್ಗದ ಗುಡ್ಡಗಳ ಮೇಲಿನ ಗಾಳಿಯಂತ್ರಗಳನ್ನು ನೀವು ನೋಡಿರುತ್ತೀರಿ. ಅವುಗಳ ಕೆಳಗೆ ಅಗಲವಾದ ಕಾಂಕ್ರೀಟ್ ಪಾಯ ಇರುತ್ತದೆ. ನಾನಿರುವ ಡೆನ್ಮಾರ್ಕಿನ ಎಸ್ಬ್ಯೇರ್ ಊರಿನಾಚೆ, ನಾರ್ತ್ ಸೀಯಲ್ಲಿ, ಕಥೆ ಬೇರೆ. ಒಂದೇ ಒಂದು ದಪ್ಪ ಉಕ್ಕಿನ ಕೊಳವೆಯನ್ನು ಸಮುದ್ರದ ತಳದ ಮರಳಿಗೆ ಬಡಿದು ಇಳಿಸುತ್ತಾರೆ. ಇದೇ ಮೊನೊಪೈಲ್. 2002ರಲ್ಲಿ ಇಲ್ಲಿ ಎದ್ದ ಹಾರ್ನ್ಸ್ ರೆವ್ 1 ಅನ್ನುವ ಕಡಲ ಗಾಳಿ ವಿದ್ಯುತ್ ಸ್ಥಾವರದ 80 ಯಂತ್ರಗಳು ನಿಂತಿರುವುದು 4 ಮೀಟರ್ ವ್ಯಾಸದ ಪೈಲುಗಳ ಮೇಲೆ. ಈಗ 8 ಮೀಟರ್ ದಾಟಿದವೂ ಬಂದಿವೆ.

"ಬಿರುಗಾಳಿ ಬಂದ್ರೆ ಬೀಳಲ್ವೇನೋ?" ಅಂತ ಅಪ್ಪ ಫೋನಿನಲ್ಲಿ ಕೇಳುತ್ತಾರೆ. ನಮ್ಮ ಚಿಂತೆ ಅದೊಂದೇ ಅಲ್ಲ. ಗಾಳಿ, ಅಲೆ ಬಿಡುವಿಲ್ಲದೆ ಪಕ್ಕದಿಂದ ತಳ್ಳುತ್ತವೆ. ಯಂತ್ರದ ಆಯುಷ್ಯದಲ್ಲಿ ಕೋಟಿಗಟ್ಟಲೆ ಸಲ. ಪೈಲು ಚೂರು ವಾಲಿ ವಾಪಸ್ ಬರುತ್ತದೆ, ಆದರೆ ಪೂರ್ತಿ ಬರುವುದಿಲ್ಲ. ಅಷ್ಟರಲ್ಲಿ ಮರಳಿನ ಕಾಳುಗಳು ಜಾಗ ಬದಲಿಸಿರುತ್ತವೆ. ಹೀಗೆ ಕೂಡುತ್ತಾ ಹೋಗುವ ವಾಲಿಕೆ ಕೊನೆಗೂ ಕಾಲು ಡಿಗ್ರಿ ದಾಟಬಾರದು ಅನ್ನುವುದು ಸಾಮಾನ್ಯವಾಗಿ ಇಟ್ಟುಕೊಳ್ಳುವ ಮಿತಿ.

ಬೇಲಿಯ ಗೂಟವನ್ನು ಅಲ್ಲಾಡಿಸಿ ಅಲ್ಲಾಡಿಸಿ ಕೀಳುತ್ತೇವೆ ಅಲ್ವಾ? ಪೈಲೂ ಹಾಗೇ ಸಡಿಲವಾಗುತ್ತದೆ ಅಂತ ಹಳೆಯ ಲೆಕ್ಕ ಹೇಳುತ್ತಿತ್ತು. ಆ ಲೆಕ್ಕದ ಬುಡದಲ್ಲಿರುವುದು 1960ರ ದಶಕದಲ್ಲಿ ಟೆಕ್ಸಾಸಿನ ಮಸ್ಟಾಂಗ್ ದ್ವೀಪದಲ್ಲಿ ನಡೆದ ಪರೀಕ್ಷೆ. ಅಲ್ಲಿನ ಪೈಲುಗಳ ವ್ಯಾಸ ಸುಮಾರು 60 ಸೆಂಟಿಮೀಟರ್, ಉದ್ದ ಜಾಸ್ತಿ. ತೆಳ್ಳಗಿನ ಪೈಲು ಬಾಗುತ್ತದೆ. ನಮ್ಮ ದಪ್ಪ ಪೈಲು ಬಾಗುವುದು ಕಡಿಮೆ, ಇಡಿಯಾಗಿ ವಾಲುತ್ತದೆ. ಎರಡಕ್ಕೂ ಒಂದೇ ಲೆಕ್ಕ ಹಾಕುವುದು ಸರಿಯಲ್ಲ ಅಂತಲೇ ನನ್ನ ಅಭಿಪ್ರಾಯ.

ಆಕ್ಸ್‌ಫರ್ಡಿನಲ್ಲಿ ಪುಟ್ಟ ಪೈಲುಗಳನ್ನು ಮರಳಿನಲ್ಲಿ ನಿಲ್ಲಿಸಿ 8,000ದಿಂದ 60,000 ಸಲ ತಳ್ಳಿ ನೋಡಿದರು. 2010ರಲ್ಲಿ ಫಲಿತಾಂಶ ಪ್ರಕಟವಾಯಿತು. ಪೈಲು ವಾಲುತ್ತಾ ಹೋಯಿತು ನಿಜ, ಆದರೆ ಮರಳಿನ ಹಿಡಿತ ಸಡಿಲವಾಗುವ ಬದಲು ಬಿಗಿಯಾಯಿತು! ತಳ್ಳುವ ಸಲಗಳು 10 ಪಟ್ಟಾದರೆ ವಾಲಿಕೆ ಸುಮಾರು 2 ಪಟ್ಟು ಮಾತ್ರ. ನನಗೆ ಇನ್ನೂ ಸೋಜಿಗ ಅನ್ನಿಸುವುದು ಬೇರೆ ವಿಷಯ. ಒಂದೇ ಕಡೆಗೆ ತಳ್ಳಿ ಬಿಡುವುದಕ್ಕಿಂತ, ಒಂದು ಕಡೆ ಜೋರಾಗಿ ತಳ್ಳಿ ಇನ್ನೊಂದು ಕಡೆ ಸ್ವಲ್ಪ ಎಳೆದಾಗ ಪೈಲು ಜಾಸ್ತಿ ವಾಲಿತು.

ಬಿಗಿಯಾದರೆ ಒಳ್ಳೆಯದೇ ಅಂದುಕೊಳ್ಳಬೇಡಿ. ಪ್ರತಿ ಗೋಪುರಕ್ಕೂ ತನ್ನದೇ ಆದ ತೂಗಾಟದ ವೇಗವಿದೆ. ರೆಕ್ಕೆಗಳು ಸುತ್ತುವ ವೇಗಕ್ಕೆ ಅದು ತಾಳೆಯಾಗದಂತೆ ಮೊದಲೇ ಹೊಂದಿಸಿರುತ್ತಾರೆ. ಮರಳು ಬಿಗಿಯಾದರೆ ಆ ವೇಗ ಏರುತ್ತದೆ. ತಾಳೆಯಾಗುವಷ್ಟು ಹತ್ತಿರ ಬಂದರೆ ಕಂಪನ ಹೆಚ್ಚಿ ಉಕ್ಕು ಬೇಗ ದಣಿಯುತ್ತದೆ.

2024ರಲ್ಲಿ ಕೇಂದ್ರ ಸರ್ಕಾರ ಗುಜರಾತ್ ಮತ್ತು ತಮಿಳುನಾಡಿನ ಕಡಲಲ್ಲಿ ತಲಾ 500 ಮೆಗಾವ್ಯಾಟಿನ ಯೋಜನೆಗೆ ನೆರವು ಒಪ್ಪಿತು. ಅಲ್ಲಿನ ತಳ ಇಲ್ಲಿನಂತೆಯೇ ಇರಬೇಕೆಂದಿಲ್ಲ. ಆ ಮಣ್ಣನ್ನೇ ತೊಟ್ಟಿಗೆ ತುಂಬಿ, ಪೈಲು ನಿಲ್ಲಿಸಿ, ಲಕ್ಷ ಸಲ ತಳ್ಳಿ ನೋಡಬೇಕು. ಊರಲ್ಲಿ ಸಿವಿಲ್ ಓದುತ್ತಿರುವವರು ಯಾರಾದರೂ ಈ ಕೆಲಸಕ್ಕೆ ಕೈ ಹಾಕುವುದಾದರೆ ನನಗೆ ಬರೆಯಿರಿ, ಗೊತ್ತಿದ್ದಷ್ಟು ಹೇಳಿಕೊಡುತ್ತೇನೆ.